ಕೋಡಿಯಮಠಕ್ಕೆ ಹೊರಟ ಆರ್ಟಿಸ್ಟ್ ಸಾರ್

"ಇಲ್ಲಿ ಕೆಲಸ ಆಗಲ್ಲ ಕಣ್ರೀ" ಎನ್ನುವುದು ನಮ್ಮ ನ್ಯೂ ಟೌನಿನ ಆರ್ಟಿಸ್ಟ್ ಸಾರ್ ಅವರ ಪಲ್ಲವಿ. ಕ್ವಾರ್ಟರ್ಸಿನಲ್ಲಿ ಕುಕ್ಕರ್ ಕೂಗುತ್ತದೆ, ಎದುರುಮನೆಯಲ್ಲಿ ಸೀರಿಯಲ್ ಅಳುತ್ತದೆ, ಸಾಲದ್ದಕ್ಕೆ ಮನೆಯವರು ಕೊತ್ತಂಬರಿ ಸೊಪ್ಪು ತರಲು ಕಳಿಸುತ್ತಾರೆ. ಇಂಥ ಕಡೆ ಕಲೆ ಹುಟ್ಟುವುದಾದರೂ ಹೇಗೆ?

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ನಟ್ಟು, ಬೋಲ್ಟು, ಗೇರುಗಳನ್ನು ಕೂದಲೆಳೆ ತಪ್ಪದಂತೆ ಬರೆದು ನಿವೃತ್ತರಾದವರು ಅವರು. 1923ರಲ್ಲಿ ಕಬ್ಬಿಣ ಹರಿಸಲು ಶುರುಮಾಡಿದ ಆ ಕಾರ್ಖಾನೆಗೆ ನೂರು ತುಂಬುವ ಹೊತ್ತಿಗೇ ಮುಚ್ಚುವ ಮಾತು ಎದ್ದಿತು. ಇಡೀ ಊರು ತಲೆಯ ಮೇಲೆ ಕೈಹೊತ್ತಿದ್ದಾಗ ಸಾರ್ ಮಾತ್ರ ಜುಬ್ಬಾ ಹೊಲಿಸಿಕೊಳ್ಳುತ್ತಿದ್ದರು. ಈಗ ನೇರ ಗೆರೆ ಕಂಡರೆ ಅವರಿಗಾಗದು. ಸ್ಕೇಲು ಹಿಡಿದ ಮೊಮ್ಮಗನನ್ನೂ ಅನುಮಾನದಿಂದ ನೋಡುತ್ತಾರೆ.

ಇಂಥವರು ಪ್ರತಿ ಊರಿಗೂ ಒಬ್ಬರಿರುತ್ತಾರೆ. ಕಲಾಶಿಬಿರ ಎಲ್ಲಿದ್ದರೂ ಹಾಜರು; ಮೊದಲ ಪ್ರಶ್ನೆ ಪ್ರಯಾಣ ಭತ್ಯೆಯದು, ಎರಡನೆಯದು ರಾತ್ರಿ ಚಪಾತಿಯೋ ಅನ್ನವೋ ಎಂಬುದು. ಇತ್ತೀಚೆಗೆ ಶಿಬಿರ ಹಳತಾಗಿದೆ, 'ರೆಸಿಡೆನ್ಸಿ' ಬೇಕಾಗಿದೆ. ಫ್ರಾನ್ಸಿನ ಅವಿನ್ಯೋನ್ ಹತ್ತಿರ 14ನೇ ಶತಮಾನದ ಕ್ರೈಸ್ತ ಮಠವೊಂದರಲ್ಲಿ ನಾಟಕಕಾರರಿಗೆ ಕೋಣೆ ಕೊಟ್ಟು ಬರೆಯಲು ಬಿಡುತ್ತಾರೆಂದು ಮೊಬೈಲಿನಲ್ಲಿ ಓದಿದ ದಿನ ಅವರಿಗೆ ನಿದ್ದೆ ಬರಲಿಲ್ಲ. ಆದರೆ ಅಂಥ ಕಡೆಗೆಲ್ಲ ಅರ್ಜಿ ಹಾಕಬೇಕು, ತನ್ನ ಕಲೆಯ ಬಗ್ಗೆ ಒಂದು ಪುಟ ಬರೆಯಬೇಕು, ಹತ್ತು ಚಿತ್ರ ಕಳಿಸಬೇಕು. ಒಂದು ಪುಟ ಕೇಳಿದರೆ ಸಾರ್ ನಾಲ್ಕು ಪುಟ ಬರೆದಾರು. ತೊಂದರೆಯೆಲ್ಲ ಆ ಹತ್ತು ಚಿತ್ರದ್ದು.

ಆಗ ನೆನಪಾದದ್ದು ನಮ್ಮದೇ ಜಿಲ್ಲೆಯ ಬಳ್ಳಿಗಾವೆ. ಶಿಕಾರಿಪುರ ತಾಲ್ಲೂಕು, ಶಿರಾಳಕೊಪ್ಪದ ಮಗ್ಗುಲಲ್ಲೇ. ಅಲ್ಲಮಪ್ರಭು ಮದ್ದಳೆ ಬಾರಿಸಿಕೊಂಡಿದ್ದನೆಂದು ಹೇಳುವ ಊರು. ಅಲ್ಲಿಯ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ್ದ ಕೋಡಿಯಮಠ ಕಾಳಾಮುಖ ಶೈವರದು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಅದನ್ನು ಬಾಯಿತುಂಬ ಹೊಗಳುತ್ತದೆ: ನಾಲ್ಕು ವೇದ, ಪಾಣಿನಿ ಶಾಕಟಾಯನರ ವ್ಯಾಕರಣ, ಆರು ದರ್ಶನ, ಯೋಗ, ಪುರಾಣ ಎಲ್ಲವನ್ನೂ ಓದಿಸುವ ಜಾಗ, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಜಾಗ, ಸಕಲ ಜೀವಿಗಳಿಗೂ ಅಭಯ ಕೊಡುವ ಜಾಗ. ಸಾರ್ ಇದನ್ನೆಲ್ಲ ಸರಸರ ದಾಟಿ ನಿಂತದ್ದು ಅನ್ನದಾನದ ಸಾಲಿನಲ್ಲಿ. ಬಡವರು, ಅನಾಥರ ಜತೆಗೆ ಕಥೆ ಹೇಳುವವರು, ಹಾಡುವವರು, ಕೊಳಲೂದುವವರು, ಕುಣಿಯುವವರು, ಬೆಳಗಿನ ಜಾವ ಹಾಡಿ ಎಬ್ಬಿಸುವವರಿಗೂ ಅಲ್ಲಿ ಊಟ. ಜಿನ ಶ್ರಮಣನೋ ತ್ರಿದಂಡಿಯೋ ಎಂದು ಕೇಳದೆ ಭಿಕ್ಷುಗಳಿಗೂ ಊಟ.

"ನೋಡಿದ್ರಾ? ಅರ್ಜಿ ಇಲ್ಲ, ಇಂಟರ್‌ವ್ಯೂ ಇಲ್ಲ!"

"ಪಟ್ಟಿಯಲ್ಲಿ ಚಿತ್ರ ಬರೆಯೋರು ಇಲ್ವಲ್ಲ ಸಾರ್?" ಎಂದೆ.

"ಅದು ಕೆತ್ತಿದವನ ತಪ್ಪು."

ಒಳಗಿನಿಂದ ಅವರ ಮನೆಯವರ ದನಿ ಬಂತು: "ದಿಕ್ಕಿಲ್ಲದವರ ಸಾಲಿನಲ್ಲಿ ಕೂತ್ಕೊಳ್ಳಿ, ಬಡಿಸ್ತಾರೆ."

ಈಸಲ್, ಮಡಿಸುವ ಕುರ್ಚಿ, ಫ್ಲಾಸ್ಕು, ಮಂಡಕ್ಕಿ ಡಬ್ಬಿ ಸಮೇತ ಸಾರ್ ಬಸ್ಸು ಹತ್ತಿದರು. ದೇವಸ್ಥಾನ ಪುರಾತತ್ವ ಇಲಾಖೆಯದು, ಸಂಜೆಗೆ ಗೇಟು ಹಾಕುತ್ತಾರೆ, ಒಳಗೆ ಮಲಗುವಂತಿಲ್ಲ. ಹಾಗಾಗಿ ಹಗಲು ಧ್ಯಾನ ಬಳ್ಳಿಗಾವೆಯಲ್ಲಿ, ರಾತ್ರಿ ವಾಸ ಶಿಕಾರಿಪುರದ ಷಡ್ಡಕರ ಮನೆಯಲ್ಲಿ. ಕೋಡಿಯಮಠಕ್ಕೆ ದತ್ತಿ ಬಿಟ್ಟವನು ಬಿಜ್ಜಳ. ಸಾರ್ ಅವರ ಬಿಜ್ಜಳ ಈ ಷಡ್ಡಕರೇ. ಪಾಪ, ಅವರ ಹೆಸರಲ್ಲಿ ಯಾರೂ ಕಲ್ಲು ಕಂಡರಿಸಲಿಲ್ಲ.

ನಾನೊಮ್ಮೆ ನೋಡಲು ಹೋಗಿದ್ದೆ. ಸಾರ್ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಬೆಳಕಿಗೆ ಕಾಯುತ್ತಿದ್ದರು. ಬೆಳಕು ಬಂತು. ಆಮೇಲೆ ಅದು ಇಳಿಯಲೆಂದು ಕಾದರು. ನಡುವೆ ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳಿಗೆ ಕಾಳಾಮುಖರ ಬಗ್ಗೆ ಉಪನ್ಯಾಸವಾಯಿತು. ಮೇಷ್ಟ್ರು ಗಡಿಯಾರ ನೋಡಿದ್ದನ್ನು ಅವರು ಗಮನಿಸಲಿಲ್ಲ. ಊರಿಗೆ ಮರಳಿದಾಗ ಮೂರು ಕ್ಯಾನ್ವಾಸಿನ ತುಂಬ ಕೆಂಪು ಬಳಿದಿತ್ತು: 'ಶೂನ್ಯ ಒಂದು', 'ಶೂನ್ಯ ಎರಡು', 'ಶೂನ್ಯ ಮೂರು'.

ಅವುಗಳ ಹಿಂದಿನಿಂದ ಒಂದು ಟ್ರೇಸಿಂಗ್ ಹಾಳೆ ಜಾರಿಬಿತ್ತು. ಕೇದಾರೇಶ್ವರದ ಮಂಟಪದ ಒಂದು ಕಂಬ, ಪೆನ್ಸಿಲ್ಲಿನಲ್ಲಿ. ನಡುವೆ ಸೆಂಟರ್ ಲೈನ್. ಚೌಕ ಪೀಠ, ಗಂಟೆಯಾಕಾರದ ನಡು, ಅದರ ಮೇಲಿನ ತೆಳು ಬಳೆಗಳು, ಒಂದೊಂದಕ್ಕೂ ಬಾಣದ ಗುರುತು ಹಾಕಿ ಅಳತೆ. ಕೆಳಗೆ ಬಲಮೂಲೆಯಲ್ಲಿ ಚೌಕಟ್ಟು, ಸ್ಕೇಲು, ತಾರೀಕು, ಸಹಿ.

"ತಿರುಗಿಸಿ ಕಡೆದ ಕಲ್ಲು ಕಣ್ರೀ, ಲೇತ್ ಕೆಲಸ. ಉಳಿ ಎಲ್ಲಿ ನಿಂತು ಎಲ್ಲಿ ಮುಂದೆ ಹೋಗಿದೆ ಅಂತ ಬೆರಳಿಗೆ ಗೊತ್ತಾಗುತ್ತೆ" ಎಂದ ಸಾರ್ ಮುಖ ಅರಳಿತ್ತು. ಮರುಕ್ಷಣ ಹಾಳೆ ಕಸಿದು ಸುರುಳಿ ಸುತ್ತಿದರು. "ಅದು ಆರ್ಟ್ ಅಲ್ಲ ಬಿಡಿ. ಬರೀ ಅಳತೆ."

ನನ್ನ ಮಟ್ಟಿಗೆ ಆ ಇಡೀ ರೆಸಿಡೆನ್ಸಿಯಲ್ಲಿ ಆದ ಕೆಲಸ ಅದೊಂದೇ. ಫ್ರೇಮ್ ಬಿದ್ದದ್ದು ಮಾತ್ರ ಮೂರು ಶೂನ್ಯಗಳಿಗೆ.

ನೀವೂ ಬಳ್ಳಿಗಾವೆಗೆ ಹೋಗಿ ಬನ್ನಿ, ಕಂಬಗಳನ್ನು ಹತ್ತಿರದಿಂದ ನೋಡಿ. ಊಟ ಮಾತ್ರ ಶಿರಾಳಕೊಪ್ಪದಲ್ಲೇ ಮುಗಿಸಿಕೊಳ್ಳಿ. ಕೋಡಿಯಮಠದಲ್ಲಿ ಈಗ ಬಡಿಸುವುದಿಲ್ಲ.