ಇನ್ನೂ ಹಸಿ ಅದ, ಮುಟ್ಟಬ್ಯಾಡ್ರಿ

ಡಿಸೆಂಬರ್ ಬಂತೆಂದರೆ ಬೀದರ್ ಜಿಲ್ಲೆಯ ಹೆಸರು ಆಗಾಗ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ರಾಜ್ಯದಲ್ಲೇ ಕಡಿಮೆ ಉಷ್ಣಾಂಶ ಎಂಬ ಕೀರ್ತಿ. ಬಸವಕಲ್ಯಾಣದ ನಮ್ಮ ಅಮೂರ್ತ ಮಾಸ್ತರರು ಆ ಸುದ್ದಿಯನ್ನು ಕತ್ತರಿಸಿ ಸ್ಟುಡಿಯೋದ ಬಾಗಿಲಿಗೆ ಅಂಟಿಸುತ್ತಾರೆ. ವರ್ಷವೆಲ್ಲ ಜನ ಕೇಳುವ “ಚಿತ್ರ ಎಲ್ಲಿಗಿ ಬಂತ್ರೀ ಮಾಸ್ತರ್?” ಎಂಬ ಪ್ರಶ್ನೆಗೆ ಸಂಕ್ರಾಂತಿ ಕಳೆಯುವವರೆಗೆ ಹವಾಮಾನ ಇಲಾಖೆಯೇ ಉತ್ತರ ಹೇಳುತ್ತದೆ.

ಇವರನ್ನು ನೀವೂ ಕಂಡಿರುತ್ತೀರಿ. ಕಲಬುರಗಿಯಲ್ಲಿ ಚಿತ್ರಕಲೆ ಕಲಿತವರು, ಹುಮನಾಬಾದಿನ ಒಂದು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು, ಮನೆ ಕಲ್ಯಾಣದಲ್ಲಿ. ಕಿವಿ ಮುಚ್ಚುವ ಮಫ್ಲರ್, ಹೆಗಲಿಗೆ ಜೋಳಿಗೆ, ಪ್ಯಾಂಟಿನ ಮೊಣಕಾಲ ಮೇಲೆ ನೀಲಿ ಬಣ್ಣದ ಒಂದು ಕಲೆ. ಆ ಕಲೆ ಒಗೆದರೆ ಹೋಗುತ್ತದೆ. ಒಗೆಯಲು ಅವರು ಬಿಡುವುದಿಲ್ಲ. 108 ಅಡಿಯ ಬಸವಣ್ಣನ ಮೂರ್ತಿ ನೋಡಲು ಎಲ್ಲೆಲ್ಲಿಂದಲೋ ಜನ ಬರುವ ಊರಿನಲ್ಲಿ ಅಮೂರ್ತ ಹಿಡಿದು ಕೂತಿರುವ ಧೈರ್ಯವನ್ನಾದರೂ ಮೆಚ್ಚಬೇಕು.

ಕಲ್ಯಾಣಕ್ಕೆ ಶರಣರಿಂದ ಬಂದ ಹೆಸರು ಒಂದಾದರೆ, ಹೆದ್ದಾರಿಯ ಡ್ರೈವರುಗಳ ಬಾಯಲ್ಲಿ ಅದು ಲಾರಿ ಬಾಡಿ ಕಟ್ಟುವ ಊರು. ಮಾಸ್ತರರ ಸ್ಟುಡಿಯೋ ಅಂಥ ಶೆಡ್ಡುಗಳ ಸಾಲಿನ ಕೊನೆಯ ತಗಡಿನ ಕೋಣೆ. ಪಕ್ಕದ ಶೆಡ್ಡಿನ ಉಸ್ತಾದ್ ಲಾರಿಗಳಿಗೆ ನವಿಲು, ಕಮಲ, ಹದ್ದು ಬರೆಯುವವನು. ಮುಂಜಾನೆ ಅವನ ಕುಂಚದಲ್ಲಿದ್ದ ಹದ್ದು ಮರುದಿನ ಸೊಲ್ಲಾಪುರ ದಾಟಿರುತ್ತದೆ. ಮಾಸ್ತರರ ಕ್ಯಾನ್ವಾಸ್ ದಸರೆಯಿಂದ ಅದೇ ಈಸೆಲ್ ಮೇಲಿದೆ. ಎಡಗಡೆ ಒಂದು ಕೆಂಪು ಪಟ್ಟಿ, ಅದರ ಕೆಳಗೆ ಕಪ್ಪು, ಉಳಿದದ್ದು ಬಿಳಿ.

“ಮಾಸ್ಟರ್ ಸಾಬ್, ಬಾಕಿ ಜಾಗ ಖಾಲಿ ಅದಲ್ಲ. ಹಾರ್ನ್ ಓಕೆ ಪ್ಲೀಸ್ ಬರ್ದು ಕೊಡ್ಲೇನು? ರೊಕ್ಕ ಬ್ಯಾಡ.”

“ಖಾಲಿ ಅಲ್ಲ ಉಸ್ತಾದ್. ಅದು ಶೂನ್ಯ.”

ಈ ಸವಲತ್ತು ಕಲ್ಯಾಣದ ಕಲಾವಿದನಿಗೆ ಮಾತ್ರ. ಬೇರೆ ಊರಿನವನಾದರೆ ಬಿಳಿ ಉಳಿದ ಕ್ಯಾನ್ವಾಸಿಗೆ ಏನಾದರೂ ಸಬೂಬು ಹುಡುಕಬೇಕು. ಇಲ್ಲಿ ಅಲ್ಲಮಪ್ರಭು 12ನೇ ಶತಮಾನದಲ್ಲೇ ಶೂನ್ಯಸಿಂಹಾಸನ ಏರಿ ಕೂತು ಇವರ ಕೆಲಸ ಸುಲಭ ಮಾಡಿದ್ದಾರೆ. ತೊಂದರೆ ಏನೆಂದರೆ, ಶರಣರ ಪರಿಚಯ ಮಾಸ್ತರರಿಗೆ ಇರುವಷ್ಟೇ ಊರಿಗೂ ಇದೆ. ಚಾ ಅಂಗಡಿಯ ಕಾಕಾ ಬಸಿ ಒರೆಸುತ್ತಲೇ ಕೇಳುತ್ತಾನೆ: “ಅಲ್ಲಮಪ್ರಭು ಆಯ್ತಪ್ಪಾ, ಬಸವಣ್ಣನೋರ ಕಾಯಕ ಯಾವಾಗ ಶುರು?” ಮಾಸ್ತರರು ಇನ್ನೊಂದು ಚಾ ಹೇಳಿ, ಎರಡನ್ನೂ ಉದ್ರಿ ಬರೆಸಿ ಎದ್ದು ಬರುತ್ತಾರೆ.

ಚಳಿಗಾಲದ ಅವರ ಅಭ್ಯಾಸಕ್ರಮ ನೋಡಬೇಕು. ಮನೆಯ ಅಂಗಳದಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆ ಬಾಟಲಿ ಬಿಸಿಲಿಗೆ ಕೂತಿರುತ್ತದೆ, ಅದರ ಪಕ್ಕದಲ್ಲಿ ಬಣ್ಣದ ಟ್ಯೂಬುಗಳು, ಅವುಗಳ ಪಕ್ಕದಲ್ಲಿ ಮಾಸ್ತರರು. ಮೂರೂ ಕರಗುವ ಹೊತ್ತಿಗೆ ಹುಮನಾಬಾದ್ ಬಸ್ಸಿನ ಸಮಯ. ಸಂಜೆ ಮರಳಿದ ಮೇಲೆ ಬೆಳಕಿಲ್ಲ. ರಜೆಯ ದಿನ ಬೆಳಕುಂಟು, ಆದರೆ ಮನಸ್ಸಿನ ಹದ ಇಲ್ಲ. ಹದವೂ ಬಂದರೆ ರಸಾಯನಶಾಸ್ತ್ರ ಅಡ್ಡ ಬರುತ್ತದೆ. ಈ ಒಂದು ವಿಷಯದಲ್ಲಿ ಅವರು ಸುಳ್ಳು ಹೇಳುತ್ತಿಲ್ಲ. ಅಕ್ರಿಲಿಕ್ ಬಣ್ಣ 10 ಡಿಗ್ರಿಗಿಂತ ಕೆಳಗಿನ ಥಂಡಿಯಲ್ಲಿ ಸರಿಯಾಗಿ ಪೊರೆ ಕಟ್ಟುವುದಿಲ್ಲ, ಬಿರುಕು ಬಿಡುತ್ತದೆ. ಎಣ್ಣೆಬಣ್ಣ ಒಣಗುವುದು ನೀರು ಆರಿದ ಹಾಗಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು, ಚಳಿಯಲ್ಲಿ ಆ ಕ್ರಿಯೆ ಇನ್ನೂ ನಿಧಾನ. ಆದ್ದರಿಂದಲೇ ಸ್ಟುಡಿಯೋಕ್ಕೆ ಯಾರೇ ಕಾಲಿಟ್ಟರೂ ಮೊದಲ ಮಾತು: “ಇನ್ನೂ ಹಸಿ ಅದ, ಮುಟ್ಟಬ್ಯಾಡ್ರಿ.” ಕೆಂಪು ಪಟ್ಟಿ ಒಣಗಿ ಗಟ್ಟಿಯಾಗಿ ತಿಂಗಳೇ ಆಗಿದೆ. ಉಸ್ತಾದ್ ಅದನ್ನು ಮುಟ್ಟಿ ನೋಡಿದ್ದಾನೆ.

ಅಗಸೆಯ ವಿಷಯದಲ್ಲಿ ಮನೆಯಲ್ಲೂ ತಕರಾರು. ಚಳಿಗಾಲದಲ್ಲಿ ನಮ್ಮ ಹೊಲಗಳಲ್ಲಿ ಅಗಸೆ ನೀಲಿ ಹೂ ಬಿಡುತ್ತದೆ, ಅಕ್ಕಪಕ್ಕ ಕುಸುಬಿ. ಯೂರೋಪಿನ ಚಿತ್ರಕಾರರು ನೂರಾರು ವರ್ಷ ಬಣ್ಣ ಅರೆದದ್ದು ಅಗಸೆ ಎಣ್ಣೆಯಲ್ಲೇ. ಬಿಳಿ ಬಣ್ಣ ಬೇಗ ಹಳದಿಗೆ ತಿರುಗಬಾರದೆಂದು ಕುಸುಬಿ ಎಣ್ಣೆ ಬಳಸುವುದೂ ಉಂಟು. ಇದನ್ನು ತಿಳಿದ ದಿನ ಮಾಸ್ತರರು ಅಡುಗೆಮನೆಗೆ ನುಗ್ಗಿ ಬಾಟಲಿ ಎತ್ತಿದರು.

“ಏನ್ ಮಾಡ್ಲತೀರಿ?”

“ಇದು ಕಲೆಗ ಬೇಕು.”

“ಬದನಿಕಾಯಿ ಪಲ್ಯಾಕೂ ಬೇಕು. ಕೆಳಗ ಇಡ್ರಿ.”

ಮನೆಯವರ ಬಾಯಿ ಮುಚ್ಚಿಸಲು ಅವರ ಹತ್ತಿರ ಇರುವ ಬ್ರಹ್ಮಾಸ್ತ್ರ ವಾಸುದೇವ ಗಾಯತೊಂಡೆ. 1924ರಲ್ಲಿ ನಾಗಪುರದಲ್ಲಿ ಹುಟ್ಟಿದ ಈ ಮಹಾ ಚಿತ್ರಕಾರನ ಒಂದು ಕ್ಯಾನ್ವಾಸ್ 2015ರ ಡಿಸೆಂಬರಿನಲ್ಲಿ ಮುಂಬಯಿಯ ಹರಾಜಿನಲ್ಲಿ 29 ಕೋಟಿ ರೂಪಾಯಿಗೂ ಹೆಚ್ಚಿಗೆ ಹೋಯಿತು. “ಡಿಸೆಂಬರಿನ್ಯಾಗೇ ನೋಡು” ಎಂದು ಮಾಸ್ತರರು ತಿಂಗಳನ್ನು ಒತ್ತಿ ಹೇಳುತ್ತಾರೆ. ಗಾಯತೊಂಡೆ ವರ್ಷಕ್ಕೆ ಐದಾರು ಚಿತ್ರಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ, ಉಳಿದ ಕಾಲ ಸುಮ್ಮನೆ ಕೂತು ಯೋಚಿಸುತ್ತಿದ್ದರು. ಆ ಗುರುವಿನಿಂದ ಮಾಸ್ತರರು ಕೂತುಕೊಳ್ಳುವ ಭಾಗವನ್ನು ಪೂರ್ತಿ ಕಲಿತಿದ್ದಾರೆ. ಸುಮ್ಮನಿರುವ ಭಾಗ ಇನ್ನೂ ಬಂದಿಲ್ಲ.

ದಿನನಿತ್ಯ ತಪ್ಪದೆ ನಡೆಯುವ ಅವರ ಚಿತ್ರರಚನೆ ಬಸ್ಸಿನದು. ಥಂಡಿಗೆ ಮಬ್ಬಾದ ಕಿಟಕಿ ಗಾಜಿನ ಮೇಲೆ ಬೆರಳಿನಿಂದ ಎಳೆದ ಗೆರೆಗಳು ಸಸ್ತಾಪುರ ಬಂಗ್ಲಾ ಹೊತ್ತಿಗೆ ರೂಪ ಪಡೆದು, ರಾಜೇಶ್ವರ ಬರುವಷ್ಟರಲ್ಲಿ ಪಕ್ಕದ ಪ್ರಯಾಣಿಕನ ಟವೆಲ್ಲಿಗೆ ಬಲಿಯಾಗುತ್ತವೆ. ನಿಜ ಹೇಳಬೇಕೆಂದರೆ ಆ ಗೆರೆಗಳು ಚೆನ್ನಾಗಿರುತ್ತವೆ.

ಹೊರಊರಿನಿಂದ ಕಲಾಸಕ್ತರು ಬಂದರೆ ಅವರನ್ನು ಹುಮನಾಬಾದ್ ತಾಲೂಕಿನ ಜಲಸಂಗಿಗೆ ಕರೆದೊಯ್ಯುವುದು ಮಾಸ್ತರರದೇ ಜವಾಬ್ದಾರಿ. ಅಲ್ಲಿನ ಚಾಲುಕ್ಯರ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು, ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಬರೆಯುತ್ತಿದ್ದಾಳೆ. ಬಂದವರೆಲ್ಲ ಅವಳ ಬೆರಳು, ಬೆನ್ನು, ಬಳುಕು ನೋಡಿ ಮೈಮರೆಯುವಾಗ ಮಾಸ್ತರರು ಅವರ ತೋಳು ಹಿಡಿದು ಎರಡು ಮಾರು ಆಚೆ ಎಳೆಯುತ್ತಾರೆ. ಅಲ್ಲಿ ಗೋಡೆಯ ಮೇಲೆ ಒಣಗಿದ ಪಾಚಿ. “ಇದನ್ನ ನೋಡ್ರಿ. ಒಂಬೈನೂರು ವರ್ಷ ಮಳಿ ಬರ್ದಿದ್ದು.” ಬಂದವರು ಮರ್ಯಾದೆಗೆ ಪಾಚಿಯ ಒಂದು ಫೋಟೋ ತೆಗೆದುಕೊಳ್ಳುತ್ತಾರೆ.

ಶಾಲೆಯ ಪ್ರದರ್ಶನದಲ್ಲಿ ಅವರ ಒಂದು ಹಳೆಯ ಚಿತ್ರ ತೂಗುಹಾಕಿದ್ದರು. ಕೆಂಪು, ಕಪ್ಪು, ನಡುವೆ ಓರೆ ಗೆರೆ. ಜಿಲ್ಲೆಯ ಜಂಬುಮಣ್ಣು ಎರೆಮಣ್ಣು ಎರಡನ್ನೂ ಬಲ್ಲ ರೈತನೊಬ್ಬ ಬಹಳ ಹೊತ್ತು ನೋಡಿದ. ಮಾಸ್ತರರ ಎದೆ ಉಬ್ಬಿತು. “ನಮ್ ಹೊಲದ ನಕಾಶಿ ಇದ್ದಂಗೇ ಅದರಿ” ಎಂದ ಆತ. “ಆದ್ರ ಬದು ಹಿಂಗ ಯಾಕ ಹಾಕೀರಿ? ಎರಿ ಎಲ್ಲಾ ಅಣ್ಣನ ಕಡಿ ಹೋಯ್ತಲ್ಲ!” ಹಿಂದೂ ಕುಟುಂಬಗಳ ಆಸ್ತಿ ಪಾಲಿಗೆ ಇವತ್ತಿಗೂ ಆಧಾರವೆನಿಸಿದ ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದು ಇದೇ ಕಲ್ಯಾಣದಲ್ಲಿ. ಈ ನೆಲದಲ್ಲಿ ಗೆರೆ ಎಳೆದವನು ಪಾಲು ಮಾಡಿದವನೇ. ಅಲ್ಲಿದ್ದವರು ಎರಡು ಪಕ್ಷವಾದರು. ಕಲ್ಯಾಣ ಭಾಗದಲ್ಲಿ ಅಮೂರ್ತ ಕಲೆಯ ಮೇಲೆ ಅಷ್ಟು ಬಿರುಸಿನ ಚರ್ಚೆ ಮತ್ತೆ ನಡೆದದ್ದನ್ನು ನಾನಂತೂ ಕೇಳಿಲ್ಲ.

ಇನ್ನು ಅವರು ಗೆದ್ದ ಒಂದು ಮಾತನ್ನೂ ಹೇಳಬೇಕು. ಮಾರ್ಗಶಿರದಲ್ಲಿ ಹುಮನಾಬಾದಿನ ಮಾಣಿಕನಗರದಲ್ಲಿ ದತ್ತ ಜಯಂತಿ, ಮಾಣಿಕಪ್ರಭುಗಳ ಸನ್ನಿಧಿಯಲ್ಲಿ ಸಂಗೀತ. ರಾತ್ರಿ ಶಾಲು ಹೊದ್ದು ಕೂತಿದ್ದಾಗ ಗಾಯಕರ ಆಲಾಪ ಏರಿತು, ಚಾ ಅಂಗಡಿಯ ಕಾಕಾ ಕಣ್ಣು ಮುಚ್ಚಿ ತಲೆದೂಗಿದ. ಮಾಸ್ತರರು ಕಿವಿಯಲ್ಲಿ ಕೇಳಿದರು: “ಕಾಕಾ, ಇದು ಏನಿಂದು ಚಿತ್ರ? ಕುದುರಿದೋ, ನವಿಲಿಂದೋ?” ಕಾಕಾ ಕಣ್ಣು ಬಿಟ್ಟ. “ರಾಗಕ್ಕ ಹಂಗ ಕೇಳ್ತಾರೇನೋ ತಮ್ಮಾ?” “ಮತ್ತ ನನ್ನ ಕೆಂಪು ಪಟ್ಟಿಗಿ ಯಾಕ ಕೇಳ್ತೀರಿ?” ಕಾಕಾನ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇಲ್ಲ. ಅಮೂರ್ತ ಚಿತ್ರಕಾರ ಕ್ಯಾಂಡಿನ್ಸ್ಕಿ ಪುಸ್ತಕ ಬರೆದು ವಾದಿಸಿದ್ದನ್ನು ಇವರು ಶಾಲಿನೊಳಗಿಂದ ಒಂದೇ ಮಾತಲ್ಲಿ ಮುಗಿಸಿದರು. ಮರುದಿನ ಆ ಉತ್ಸಾಹದಲ್ಲಿ ಸ್ಟುಡಿಯೋಕ್ಕೆ ಓಡಿ, ನಿಜಕ್ಕೂ ಕುಂಚ ಹಿಡಿದು, ಕಪ್ಪಿನ ಬದಿಗೆ ಒಂದು ಬೂದು ಬಣ್ಣ ಬಳಿದರು. ಉಸ್ತಾದ್ ಕೆಲಸ ಬಿಟ್ಟು ಬಂದು ನೋಡಿ, “ಪ್ರೈಮರ್ ಚಲೋ ಆಗ್ಯದ” ಎಂದ.

ಎಳ್ಳಮಾವಾಸ್ಯೆಗೆ ಊರೆಲ್ಲ ಹೊಲಕ್ಕೆ ಹೋಗುತ್ತದೆ, ಮಾಸ್ತರರೂ ಹೋಗುತ್ತಾರೆ. ಜೋಳದ ದಂಟಿನ ಗುಡಿಸಲು, ಪಾಂಡವರ ಪೂಜೆ, ಚರಗ ಮುಗಿದು ಎಲೆಗೆ ಭಜ್ಜಿ ಬಿದ್ದಾಗ ಹಸಿ ತೊಗರಿ, ಕಡಲೆ, ಗಜ್ಜರಿಗಳನ್ನು ಬೆರಳಿನಿಂದ ಸರಿಸುತ್ತ ಅವರು ಕಾಂಪೊಜಿಷನ್ ವಿವರಿಸಲು ತೊಡಗುತ್ತಾರೆ. ಅವರ ಅವ್ವ ಇನ್ನೊಂದು ಸಜ್ಜಿ ರೊಟ್ಟಿಯನ್ನು ಸರಿಯಾಗಿ ಆ ಕಾಂಪೊಜಿಷನ್ ಮೇಲೇ ಇಡುತ್ತಾಳೆ.

ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಗೆಂದು ನೀವು ಹುಮನಾಬಾದಿಗೆ ಬಂದರೆ, ರಥಬೀದಿಯಲ್ಲಿ ಮಫ್ಲರಿನವರೊಬ್ಬರು ನಿಮ್ಮನ್ನು ಸ್ಟುಡಿಯೋಕ್ಕೆ ಕರೆದಾರು. ತಪ್ಪಿಸಿಕೊಳ್ಳಬೇಡಿ, ಹೋಗಿ. ಸ್ವೆಟರ್ ಹಾಕಿಕೊಂಡು ಹೋಗಿ, ತಗಡಿನ ಕೋಣೆ. ‘ಇದೇನು ಚಿತ್ರ’ ಎಂದು ಕೇಳಬೇಡಿ, ‘ಯಾವಾಗ ಮುಗೀತದ’ ಎಂದಂತೂ ಬೇಡವೇ ಬೇಡ. ಸ್ವಲ್ಪ ದೂರ ನಿಂತು, ತಲೆ ಓರೆ ಮಾಡಿ, “ಈ ಬೂದು ಭಾಳ ಛಲೋ ಬಂದದರಿ” ಎನ್ನಿ. ಮಧ್ಯಾಹ್ನದ ಊಟ ಅವರ ಮನೆಯಲ್ಲೇ ಆಗುತ್ತದೆ, ಬದನೆಕಾಯಿ ಪಲ್ಯ ಸೊಗಸಾಗಿರುತ್ತದೆ. ಬರುವಾಗ ಕಾಕಾನ ಅಂಗಡಿಯ ಉದ್ರಿ ಸ್ವಲ್ಪ ತೀರಿಸಿ ಬನ್ನಿ.