ಬಸವನಗುಡಿಯಲ್ಲಿ ಕೂತು ರಗ್ಬಿ ನೋಡುವ ವಿಧಾನ: ಬಳಕೆದಾರರ ಕೈಪಿಡಿ

ಉಪಕರಣ ಚಾಲೂ ಮಾಡುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಉಪಕರಣ ಅಂದರೆ ನೀವೇ. ವಯಸ್ಸು ಅರವತ್ತರ ಆಸುಪಾಸು, ಮನೆ ಗಾಂಧಿ ಬಜಾರಿಗೆ ನಡೆದು ಹೋಗುವಷ್ಟು ದೂರ, ಮಗಳು ಅಳಿಯ ಮೆಲ್ಬರ್ನ್‌ನ ಪಶ್ಚಿಮಕ್ಕಿರುವ ಟಾರ್ನೀಟ್‌ನಲ್ಲೋ ಪಾಯಿಂಟ್ ಕುಕ್‌ನಲ್ಲೋ. ಬಾಣಂತನಕ್ಕೆಂದು ಹೋಗಿ ಅಲ್ಲಿನ ಒಂದು ಚಳಿಗಾಲ ಕಳೆದಿರಿ. ಹೋಗುವಾಗ ಅಂಟಿನುಂಡೆಯ ಡಬ್ಬ ಒಯ್ದವರು ಬರುವಾಗ ಯಾವುದೋ ತಂಡದ ಪಟ್ಟೆಯಿರುವ ಉಲ್ಲನ್ ಮಫ್ಲರ್ ಸುತ್ತಿಕೊಂಡು ಬಂದಿರಿ. ಈಗ ಕೃಷ್ಣರಾವ್ ಪಾರ್ಕಿನ ಬೆಂಚಿನ ಮೇಲೆ ನಿಮ್ಮ ಮಾತು ಕೇಳುವವರಿಲ್ಲ. ಈ ಕೈಪಿಡಿ ನಿಮಗಾಗಿ.

ಪೆಟ್ಟಿಗೆಯಲ್ಲಿ ಇರುವುದು

ಒಟ್ಟು ಮೂರು ಆಟ. ಮೂರರಲ್ಲೂ ಮೊಟ್ಟೆಯಾಕಾರದ ಚೆಂಡು, ಮೂರರಲ್ಲೂ ಕಟ್ಟುಮಸ್ತಾದ ಆಳುಗಳು. ದೂರದಿಂದ ಮೂರೂ ಒಂದೇ ಥರ ಕಾಣುತ್ತವೆ. ಹಾಗಂತ ಅಳಿಯನ ಸ್ನೇಹಿತರ ಮುಂದೆ ಬಾಯಿಬಿಟ್ಟು ಹೇಳಬೇಡಿ.

ಮೊದಲನೆಯದು ರಗ್ಬಿ ಯೂನಿಯನ್. ಕಡೆಗೆ 15 ಮಂದಿ, 80 ನಿಮಿಷ, ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ 5 ಅಂಕ. ಆಸ್ಟ್ರೇಲಿಯಾದ ರಾಷ್ಟ್ರೀಯ ತಂಡ ವಲ್ಲಬೀಸ್ ಆಡುವುದು ಇದನ್ನೇ. 1991ರಲ್ಲಿ, 1999ರಲ್ಲಿ ವಿಶ್ವಕಪ್ ಗೆದ್ದ ತಂಡ 2023ರಲ್ಲಿ ಗುಂಪಿನ ಹಂತವನ್ನೂ ದಾಟದೆ ಮನೆಗೆ ಬಂತು. ಎರಡೂ ಕಡೆಯಿಂದ ಎಂಟೆಂಟು ಜನ ಹೆಗಲಿಗೆ ಹೆಗಲು ಕೊಟ್ಟು ತಳ್ಳುವುದಕ್ಕೆ ಸ್ಕ್ರಮ್ ಎನ್ನುತ್ತಾರೆ. ಸ್ಕ್ರಮ್ ಕುಸಿಯುತ್ತದೆ. ರೆಫರಿ ಸೀಟಿ ಊದಿ ಮತ್ತೆ ಕಟ್ಟಿಸುತ್ತಾನೆ. ಮತ್ತೆ ಕುಸಿಯುತ್ತದೆ. ಬಳಕೆದಾರರು ಈ ಹೊತ್ತಿನಲ್ಲಿ ಅಡುಗೆಮನೆಗೆ ಹೋಗಿ, ಡಿಕಾಕ್ಷನ್ ಇಳಿದಿದೆಯೇ ನೋಡಿ, ಹಾಲು ಉಕ್ಕಿಸಿ, ಕಾಫಿ ಬೆರೆಸಿಕೊಂಡು ಬರಬಹುದು. ಏನೂ ತಪ್ಪಿಹೋಗಿರುವುದಿಲ್ಲ.

ಎರಡನೆಯದು ರಗ್ಬಿ ಲೀಗ್. 13 ಮಂದಿ. ಸಿಡ್ನಿ, ಬ್ರಿಸ್ಬೇನ್ ಕಡೆಯವರ ಜೀವ. ಕಬಡ್ಡಿ ನೋಡಿದವರಿಗೆ ಇದನ್ನು ಬೇರೆ ಕಲಿಸಬೇಕಿಲ್ಲ. ಚೆಂಡು ಹಿಡಿದವನು ಎದುರಾಳಿಗಳ ಸಾಲಿಗೆ ನುಗ್ಗುತ್ತಾನೆ, ಮೂವರು ಸೇರಿ ಕಾಲು, ಸೊಂಟ, ಹೆಗಲು ಹಿಡಿದು ಕೆಡವುತ್ತಾರೆ. ಆರು ಸಲ ಕೆಡವಿಸಿಕೊಳ್ಳುವವರೆಗೆ ಚೆಂಡು ನಿಮ್ಮದು, ಆಮೇಲೆ ಅವರದು. 2019ರ ಜನವರಿ 5ರಂದು ಪವನ್ ಶೆರಾವತ್ ಒಬ್ಬನೇ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿ ಕಪ್ ಗೆದ್ದುಕೊಟ್ಟದ್ದನ್ನು ನೋಡಿದ ಕಣ್ಣಿಗೆ ಇದರಲ್ಲಿ ಹೊಸತೇನೂ ಇಲ್ಲ. ಒಂದೇ ವ್ಯತ್ಯಾಸ: ಕಬಡ್ಡಿಯವನು ಮುಟ್ಟಿದ ಮೇಲೆ ತನ್ನ ಅಂಗಳಕ್ಕೆ ವಾಪಸು ಬರಬೇಕು. ಲೀಗಿನವನಿಗೆ ವಾಪಸು ಬರುವ ತಾಪತ್ರಯವೇ ಇಲ್ಲ, ಮುಂದಕ್ಕೆ ನುಗ್ಗಿದರೆ ಸಾಕು. ನುಗ್ಗುವುದು ಯಾರಿಗೂ ಬರುತ್ತದೆ. ಕಷ್ಟವಿರುವುದು ಬಿಡಿಸಿಕೊಂಡು ಬರುವುದರಲ್ಲಿ. ಹಾಗಾಗಿ ನನ್ನ ತಕ್ಕಡಿಯಲ್ಲಿ ಕಬಡ್ಡಿ ಒಂದು ಗುಲಗಂಜಿ ಹೆಚ್ಚೇ ತೂಗುತ್ತದೆ. ಇದನ್ನು ಸಿಡ್ನಿಯಲ್ಲಿ ಹೇಳಬೇಡಿ.

ಮೂರನೆಯದು ಆಸ್ಟ್ರೇಲಿಯನ್ ಫುಟ್‌ಬಾಲ್. ಕಡೆಗೆ 18 ಮಂದಿ, ಆಡುವುದು ಕ್ರಿಕೆಟ್ ಮೈದಾನದ ಮೇಲೆ. 1977-78ರಲ್ಲಿ ನಮ್ಮ ಚಂದ್ರಶೇಖರ್ ಎರಡೂ ಇನಿಂಗ್ಸ್‌ನಲ್ಲಿ 52 ರನ್ನಿಗೆ ಆರಾರು ವಿಕೆಟ್ ಕಿತ್ತು ಭಾರತಕ್ಕೆ ಆ ದೇಶದಲ್ಲಿ ಮೊದಲ ಟೆಸ್ಟ್ ಗೆದ್ದುಕೊಟ್ಟ ಮೆಲ್ಬರ್ನ್ ಮೈದಾನವಿದೆಯಲ್ಲ, ಇದರ ದೊಡ್ಡ ಫೈನಲ್ ನಡೆಯುವುದೂ ಅಲ್ಲೇ. ಒಂದೊಂದು ತುದಿಗೂ ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ 6 ಅಂಕ. ಗುರಿ ತಪ್ಪಿ ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ 1 ಅಂಕ. ಎಸ್ಸೆಸ್ಸೆಲ್ಸಿಯ ಗ್ರೇಸ್ ಮಾರ್ಕಿನ ಹಾಗೆ, ಪಾಪ, ಪ್ರಯತ್ನಪಟ್ಟನಲ್ಲ ಅಂತ ಕೊಡುವ ಅಂಕ ಅದು. ಕಂಬದ ಬುಡದಲ್ಲಿ ನಿಂತ ಅಂಪೈರು ಗೋಲಿಗೆ ಎರಡು ಬಿಳಿ ಬಾವುಟ ಬೀಸುತ್ತಾನೆ, ಈ ಗ್ರೇಸ್ ಮಾರ್ಕಿಗೆ ಒಂದು. ಬೀಸುವಾಗ ಅವನ ಮುಖದ ಮೇಲಿನ ಗಾಂಭೀರ್ಯ ನೋಡಲಿಕ್ಕಾದರೂ ಚಂದಾ ಕಟ್ಟಬಹುದು.

ಜೋಡಣೆಗೆ ಮುನ್ನ: ಎರಡು ರಗ್ಬಿ ಯಾಕೆ

ಈ ಅಧ್ಯಾಯವನ್ನು ಬಿಟ್ಟು ಮುಂದೆ ಹೋದರೆ ಮಲ್ಲೇಶ್ವರದ ನನ್ನ ಷಡ್ಡಕರ ಎದುರು ಸೋಲುತ್ತೀರಿ. ಅವರು ಬ್ಯಾಂಕಿನಲ್ಲಿದ್ದವರು, ಯೂನಿಯನ್ ಪಕ್ಷ. ಲೀಗನ್ನು "ಕೂಲಿಗಾಗಿ ಕುಸ್ತಿ ಕಣ್ರೀ ಅದು" ಅನ್ನುತ್ತಾರೆ. ಅವರ ಮಾತಿನಲ್ಲಿ ತಿರಸ್ಕಾರವನ್ನು ಕಳೆದರೆ ಉಳಿಯುವುದು ಶುದ್ಧ ಚರಿತ್ರೆ.

1895ರ ಆಗಸ್ಟ್‌ನಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿ ಬೇರೆಯಾದದ್ದು ಕೂಲಿಯ ವಿಷಯಕ್ಕೇ. ಗಣಿ, ಗಿರಣಿಯ ಆಳುಗಳು ಶನಿವಾರ ಆಡಿದರೆ ಆ ದಿನದ ಸಂಬಳ ಹೋಗುತ್ತಿತ್ತು. ಅದನ್ನು ತುಂಬಿಕೊಡಿ ಎಂದರೆ ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ. ಸಿಡ್ನಿಯಲ್ಲೂ ಅದೇ ಕತೆ. 1907ರಲ್ಲಿ ಅಲೆಕ್ಸ್ ಬರ್ಡನ್ ಎಂಬ ಆಟಗಾರ ಗಾಯಗೊಂಡು ದುಡಿಮೆ ಕಳೆದುಕೊಂಡ. ಟಿಕೆಟ್ ಮಾರಿ ಗಲ್ಲಾ ತುಂಬಿಕೊಂಡಿದ್ದ ಯೂನಿಯನ್ ಸಂಸ್ಥೆ ಪರಿಹಾರ ಕೊಡಲಿಲ್ಲ. ಅತೃಪ್ತರು ಗುಟ್ಟಾಗಿ ಸೇರುತ್ತಿದ್ದ ಜಾಗಗಳಲ್ಲೊಂದು ವಿಕ್ಟರ್ ಟ್ರಂಪರನ ಕ್ರೀಡಾ ಸಾಮಾನಿನ ಅಂಗಡಿ. ಹೌದು, ಅದೇ ಟ್ರಂಪರ್, ಬ್ಯಾಟು ಹಿಡಿದರೆ ನೋಡುವವರು ಕಣ್ಣು ಮಿಟುಕಿಸದಿದ್ದ ಕ್ರಿಕೆಟಿಗ. ಹೊಸ ಲೀಗಿನ ಮೊದಲ ಖಜಾಂಚಿಯೂ ಅವನೇ ಆದ. ಇನ್ನು ಮೂರನೆಯ ಆಟ: 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ, ಚಳಿಗಾಲದಲ್ಲಿ ಕ್ರಿಕೆಟಿಗರು ಸೋಮಾರಿಗಳಾಗುತ್ತಾರೆ, ಏನಾದರೂ ಆಡಿಸಿ ಅಂತ ಪತ್ರಿಕೆಗೆ ಬರೆದ ಕಾಗದದ ಬೆನ್ನಿಗೇ ಹುಟ್ಟಿದ್ದು. ಹಾಗಾಗಿ ಬಸವನಗುಡಿಯ ಕ್ರಿಕೆಟ್ ಭಕ್ತರು ಈ ಆಟಗಳನ್ನು ನೋಡಿದರೆ ವ್ರತಭಂಗವೇನೂ ಆಗುವುದಿಲ್ಲ. ಸಿಡ್ನಿಯ ಲೀಗು, ಈ ಮೂರನೆಯ ಆಟ, ಎರಡಕ್ಕೂ ಸೂಲಗಿತ್ತಿ ಕ್ರಿಕೆಟ್ಟೇ.

ಷಡ್ಡಕರು ಇಷ್ಟಕ್ಕೆ ಬಗ್ಗುವವರಲ್ಲ. ಕಲ್ಕತ್ತಾ ಕಪ್ಪನ್ನು ಎತ್ತುತ್ತಾರೆ. ಕಲ್ಕತ್ತಾದ ರಗ್ಬಿ ಕ್ಲಬ್ಬು 1878ರಲ್ಲಿ ಬಾಗಿಲು ಹಾಕುವಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನೆಲ್ಲ ಬಿಡಿಸಿ, ಕರಗಿಸಿ, ಮೂರು ನಾಗರಹಾವಿನ ಹಿಡಿ, ಮುಚ್ಚಳದ ಮೇಲೊಂದು ಆನೆ ಇಟ್ಟು ಬಟ್ಟಲು ಮಾಡಿಸಿತು. ಇಂಗ್ಲೆಂಡು–ಸ್ಕಾಟ್ಲೆಂಡು ಇವತ್ತಿಗೂ ಬಡಿದಾಡುವುದು ಅದಕ್ಕಾಗಿ. "ನಮ್ಮ ರೂಪಾಯಿ ಕಣ್ರೀ!" ಎನ್ನುತ್ತಾರೆ. ಒಪ್ಪಿಕೊಳ್ಳಿ. ಒಪ್ಪಿಕೊಂಡು, 1995ರ ಆಗಸ್ಟ್‌ನಲ್ಲಿ ಯೂನಿಯನ್ನಿನವರೂ ಸಂಬಳಕ್ಕೆ ಆಡಬಹುದೆಂದು ತೀರ್ಮಾನವಾಯಿತಲ್ಲ, ಕೂಲಿ ಮುಟ್ಟದ ನೂರು ವರ್ಷದ ಮಡಿ ಏನಾಯಿತು ಎಂದು ಕೇಳಿ. ಅವರು ಕಾಫಿ ಆರಿಹೋಯಿತು ಎನ್ನುತ್ತಾರೆ.

ವೇಳೆ

ಬೆಂಗಳೂರಿನವರಿಗೆ ಇದರಷ್ಟು ಅನುಕೂಲದ ವಿದೇಶಿ ಚಟ ಇನ್ನೊಂದಿಲ್ಲ. ಇಂಗ್ಲಿಷ್ ಫುಟ್‌ಬಾಲ್ ನಿದ್ದೆ ಕೆಡಿಸುತ್ತದೆ, ಅಮೆರಿಕದ್ದು ಬೆಳಗಿನ ಸ್ನಾನಕ್ಕೆ ಅಡ್ಡ ಬರುತ್ತದೆ. ಮೆಲ್ಬರ್ನ್‌ನಲ್ಲಿ ಸೆಪ್ಟೆಂಬರ್ ಕೊನೆಯ ಶನಿವಾರ ಮಧ್ಯಾಹ್ನ ಎರಡೂವರೆಗೆ ಶುರುವಾಗುವ ಆಸ್ಟ್ರೇಲಿಯನ್ ಫುಟ್‌ಬಾಲಿನ ಫೈನಲ್ ಇಲ್ಲಿ ಬೆಳಿಗ್ಗೆ ಹತ್ತಕ್ಕೆ, ಪೂಜೆ ತಿಂಡಿ ಎರಡೂ ಮುಗಿದಿರುತ್ತವೆ. ಲೀಗಿನವರ ರಾತ್ರಿ ಎಂಟರ ಪಂದ್ಯ ನಮಗೆ ಮೂರೂವರೆ, ಮಧ್ಯಾಹ್ನದ ನಿದ್ದೆಯಿಂದ ಎದ್ದು ಕಾಫಿ ಹಿಡಿಯುವ ಹೊತ್ತು. ಹೊರದೇಶದವರಿಗೆಂದೇ ಚಂದಾ ಸೇವೆಗಳಿವೆ. ಕಟ್ಟುವ ಜವಾಬ್ದಾರಿ ಅಳಿಯಂದಿರದು.

ತಂಡ ಆರಿಸಿಕೊಳ್ಳುವುದು

ಇದು ಮುಖ್ಯ ಹಂತ, ಅವಸರ ಬೇಡ. ಮೆಲ್ಬರ್ನ್‌ನಲ್ಲಿ ಶಾಲೆಗೆ ಸೇರಿದ ಮೊಮ್ಮಗನನ್ನು ಹೆಸರು ಕೇಳಿದ ಮೇಲೆ ಕೇಳುವುದು ಯಾವ ತಂಡ ಅಂತ. ಗೋತ್ರ, ಸೂತ್ರ ಕೇಳುವ ಊರಿನಿಂದ ಹೋದ ನಮಗೆ ಇದು ತಟ್ಟನೆ ಅರ್ಥವಾಗುತ್ತದೆ.

ಗಮನಿಸಿ: ಆ ತಂಡಗಳ ಹೆಸರು ಬಹುಪಾಲು ಊರಿನದ್ದಲ್ಲ, ಬಡಾವಣೆಯದ್ದು. ಕಾರ್ಲ್ಟನ್, ರಿಚ್ಮಂಡ್, ಎಸೆಂಡನ್, ಹಾಥಾರ್ನ್ ಎಲ್ಲ ಮೆಲ್ಬರ್ನ್‌ನ ಬಡಾವಣೆಗಳು. ಪ್ಯಾರಮಾಟಾ, ಪೆನ್ರಿತ್, ಮ್ಯಾನ್ಲಿ ಸಿಡ್ನಿಯವು. ಕಾಲಿಂಗ್‌ವುಡ್ ಕ್ಲಬ್ ಶುರುವಾದದ್ದು 1892ರಲ್ಲಿ. ನಮ್ಮ ಚಾಮರಾಜಪೇಟೆ ಗೆರೆ ಎಳೆದು ನಿವೇಶನ ಹಂಚಿಸಿಕೊಂಡದ್ದೂ ಅದೇ ಹೊತ್ತಿನಲ್ಲಿ. ಅಲ್ಲಿ ಬಡಾವಣೆಗೊಂದು ತಂಡ ಬಂತು, ಇಲ್ಲಿ ಬಡಾವಣೆಗೊಂದು ರಾಮೋತ್ಸವ ಬಂತು. ರಾಮೋತ್ಸವದ ಬಗ್ಗೆ ನನ್ನದೇನೂ ತಕರಾರಿಲ್ಲ, ಪಾನಕ ಕೋಸಂಬರಿ ಯಾರಿಗೆ ಬೇಡ! ಆದರೂ ಒಂದು ಶನಿವಾರ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಬಸವನಗುಡಿಗೂ ಮಲ್ಲೇಶ್ವರಕ್ಕೂ ಪಂದ್ಯ, ಸಂಪಿಗೆ ರಸ್ತೆಯಲ್ಲಿ ಹಸಿರು ಮೆಟ್ರೊ ಹತ್ತಿದ ಷಡ್ಡಕರು ಮೆಜೆಸ್ಟಿಕ್, ಚಿಕ್ಕಪೇಟೆ, ಮಾರುಕಟ್ಟೆ ದಾಟಿ ಬಂದಿಳಿದು ನಮ್ಮ ಕೈಯಲ್ಲಿ ಸೋತು ಅದೇ ರೈಲಿನಲ್ಲಿ ಮುಖ ಬಾಡಿಸಿಕೊಂಡು ವಾಪಸು ಹೋಗುವುದು: ಇದೊಂದನ್ನು ನೋಡದೆ ಹೋಗುತ್ತೇನಲ್ಲ ಎಂಬ ಕೊರಗು ನನಗಿದೆ.

ಬಡಾವಣೆಯ ಅಭಿಮಾನಕ್ಕೆ ಎಷ್ಟು ತಾಕತ್ತು ಅಂತ ತಿಳಿಯಬೇಕಾದರೆ ಸೌತ್ ಸಿಡ್ನಿಯ ಪ್ರಕರಣ ಓದಿಕೊಳ್ಳಿ. 1908ರಿಂದ ಆಡುತ್ತಿದ್ದ, ಕೆಂಪು ಹಸಿರು ಪಟ್ಟೆಯ, ಬಡವರ ಕೇರಿಯ ಕ್ಲಬ್ಬು. ತೊಂಬತ್ತರ ದಶಕದಲ್ಲಿ ಎರಡು ಟಿವಿ ಸಾಮ್ರಾಜ್ಯಗಳು ಲೀಗಿಗಾಗಿ ಕಿತ್ತಾಡಿದವು, ಆಮೇಲೆ ರಾಜಿಯಾದವು. ರಾಜಿಯ ಲೆಕ್ಕಕ್ಕೆ ತಂಡಗಳು ಹದಿನಾಲ್ಕೇ ಇರಬೇಕೆಂದು 1999ರ ಕೊನೆಗೆ ಸೌತ್ ಸಿಡ್ನಿಯನ್ನು ತೆಗೆದುಹಾಕಿದರು. ಜನ ಸುಮ್ಮನೆ ಕೂರಲಿಲ್ಲ. ಸಾವಿರ ಸಾವಿರ ಮಂದಿ ಸಿಡ್ನಿಯ ಬೀದಿಗಿಳಿದು ಮೆರವಣಿಗೆ ಹೊರಟರು, ಕೋರ್ಟು ಹತ್ತಿದರು. 2002ಕ್ಕೆ ತಂಡ ವಾಪಸು ಬಂತು. 2014ರಲ್ಲಿ ಕಪ್ಪನ್ನೂ ಗೆದ್ದಿತು, 1971ರ ನಂತರ ಮೊದಲ ಸಲ. ದುಡ್ಡಿನ ಆಟ ಎಂದು ಮೂಗು ಮುರಿಯುವವರಿಗೆ ನನ್ನ ಉತ್ತರ ಇದೇ: ಆಡುವವನಿಗೆ ಸಂಬಳ ಕೊಟ್ಟರೆ ಆಟ ಕೆಡುವುದಿಲ್ಲ. ಅದು ಕೆಡುವುದು ಬಡಾವಣೆಯ ಕೈತಪ್ಪಿದಾಗ.

ದೇಶೀ ಮಾದರಿ

ನಮ್ಮಲ್ಲೂ ರಗ್ಬಿ ಪ್ರೀಮಿಯರ್ ಲೀಗ್ 2025ರ ಜೂನ್‌ನಲ್ಲಿ ಶುರುವಾಗಿದೆ. ಕಡೆಗೆ ಏಳೇಳು ಮಂದಿಯ ಚುಟುಕು ರಗ್ಬಿ, ಆರು ತಂಡ, ನಮ್ಮ ಪಾಲಿಗೆ ಬೆಂಗಳೂರು ಬ್ರೇವ್‌ಹಾರ್ಟ್ಸ್. ಆ ಮೊದಲ ಸಲ ಕಪ್ಪು ಚೆನ್ನೈ ಬುಲ್ಸ್‌ಗೆ ಹೋಯಿತು. ಓಟ ಚೆನ್ನಾಗಿತ್ತು, ಸ್ಕ್ರಮ್ ಬೇಗ ಮುಗಿಯುತ್ತಿತ್ತು, ನನಗೆ ಇಷ್ಟವಾಯಿತು. ಆದರೆ ಆ ಸಲ ಬೆಂಗಳೂರು ತಂಡ ಆಡಿದ್ದೆಲ್ಲ ಮುಂಬಯಿಯ ಅಂಧೇರಿಯಲ್ಲಿ. ಯಾವ ಬಡಾವಣೆಯ ಹುಡುಗ ಯಾವ ಗೇಟು ಹಾರಿ ನೋಡಬೇಕು? ಬ್ಯಾಡ್ಮಿಂಟನ್ನಿನ ಪ್ರಕಾಶ್ ಪಡುಕೋಣೆಯವರಾದರೋ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ, ಮದುವೆಗಳಿಲ್ಲದ ದಿನ ಆಡಿ ಕಲಿತು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಊಟದ ಎಲೆ ಎತ್ತಿದ ಹಾಲಿನಲ್ಲಿ ಷಟಲ್ ಹಾರುವುದನ್ನು ಕೇರಿಯವರು ಕಣ್ಣಾರೆ ಕಂಡಿದ್ದರು.

ಎಚ್ಚರಿಕೆ

ಕೈಪಿಡಿಯ ಈ ಭಾಗದಲ್ಲಿ ತಮಾಷೆಯಿಲ್ಲ. 2025ರ ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಮೆಲ್ಬರ್ನ್‌ನಲ್ಲಿ ಫೈನಲ್ ದಿನ ಸುಮಾರು ಲಕ್ಷ ಜನ ಸೇರುತ್ತಾರೆ, ಕಿರುಚುತ್ತಾರೆ, ಅಳುತ್ತಾರೆ. ಆಟ ಮುಗಿದ ಮೇಲೆ ರಿಚ್ಮಂಡ್, ಜೋಲಿಮಾಂಟ್ ರೈಲು ನಿಲ್ದಾಣಗಳ ಕಡೆ ನಡೆದು ಮನೆ ಸೇರುತ್ತಾರೆ. ಹುಚ್ಚು ಅವರಿಗೂ ಅಷ್ಟೇ ಇದೆ. ಹೋದವರು ತಿರುಗಿ ಬರುವ ದಾರಿಯನ್ನು ಮೊದಲೇ ಯೋಚಿಸಿಡುವವರು ಬೇಕು, ಅಷ್ಟೆ.

ದೋಷ ನಿವಾರಣೆ

ಉಪಕರಣ ವಿಪರೀತ ಬಿಸಿಯಾದರೆ: ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಕರೆದೊಯ್ಯಿರಿ. ಅಲ್ಲಿ ಕೂರಲು ಕುರ್ಚಿಯಿಲ್ಲ, ನಿಂತುಕೊಂಡು ಮಾಡುವ ವಾದ ಉದ್ದವಾಗುವುದಿಲ್ಲ. "ಇದಕ್ಕೆ ಹೆಲ್ಮೆಟ್ ಯಾಕಿಲ್ಲ?" ಎಂದು ಮನೆಯವರು ಕೇಳಿದರೆ: ಅಮೆರಿಕದವರು ಹಾಕಿಕೊಳ್ಳುತ್ತಾರೆ, ಇವರಲ್ಲಿ ಕಡ್ಡಾಯವಿಲ್ಲ ಎಂದು ತಿಳಿಸಿ. "ಪಾಪ, ಅವರಮ್ಮ ಹೇಗೆ ನೋಡ್ತಾರೋ" ಎಂಬ ಮುಂದಿನ ಮಾತಿಗೆ ಕಂಪನಿಯ ಬಳಿ ಉತ್ತರವಿಲ್ಲ.

ವಾರಂಟಿ

ಇಲ್ಲ. ತಂಡವನ್ನು ಬದಲಾಯಿಸಿ ಕೊಡಲಾಗುವುದಿಲ್ಲ, ಹಿಂತಿರುಗಿ ಪಡೆಯಲಾಗುವುದಿಲ್ಲ. ವಿಶೇಷವಾಗಿ ಸೇಂಟ್ ಕಿಲ್ಡಾ ಆರಿಸಿಕೊಂಡವರು ಗಮನಿಸಬೇಕು. ಆ ತಂಡ ಕಪ್ ಗೆದ್ದಿರುವುದು ಒಂದೇ ಸಲ, 1966ರಲ್ಲಿ, ಅದೂ ಒಂದೇ ಅಂಕದಿಂದ. 2010ರ ಫೈನಲ್‌ನಲ್ಲಿ ಕಾಲಿಂಗ್‌ವುಡ್ ಜೊತೆ 68ಕ್ಕೆ 68 ಸಮವಾಯಿತು. ಲಕ್ಷ ಜನರನ್ನು ಮುಂದಿನ ಶನಿವಾರ ಮತ್ತೆ ಬನ್ನಿ ಎಂದು ಕಳಿಸಿದರು, ಬಂದರು, 56 ಅಂಕದಿಂದ ಸೋಲುವುದನ್ನು ನೋಡಿಕೊಂಡು ಹೋದರು. ನಮಗೆ ಕಾದು ಅಭ್ಯಾಸವಿದೆ ಎಂದು ಹೇಳಿಕೊಂಡು ಬೆಂಗಳೂರಿನಿಂದ ಅರ್ಜಿಗಳು ಬರುತ್ತಿರುತ್ತವೆ. ಆರ್‌ಸಿಬಿಗಾಗಿ ಕಾದ 18 ವರ್ಷವನ್ನು ಇಲ್ಲಿ ಸರ್ವೀಸಿಗೆ ಸೇರಿಸಿಕೊಳ್ಳುವುದಿಲ್ಲ.