ನಾಲ್ಕಡಿ ಬಚ್ಚಲಿಗೆ ಐದು ನಕ್ಷತ್ರ ತಂದವರಿಗೆ

ಮಾನ್ಯ ಒಳಾಂಗಣ ವಿನ್ಯಾಸಕರಿಗೆ,

ಇಲ್ಲಿ ನಾವೆಲ್ಲ ಕ್ಷೇಮ. ಕಾಲು ಮಾತ್ರ ಮೊನ್ನೆಮೊನ್ನೆಯವರೆಗೂ ಒದ್ದೆ.

ನಮ್ಮ ಮನೆಯ ಬಚ್ಚಲು ನಿಮ್ಮ ಕೈಯಲ್ಲಿ ಮರುಜನ್ಮ ಪಡೆದು ಈ ಭಾನುವಾರಕ್ಕೆ ನಾಲ್ಕು ತಿಂಗಳು. ಕೆಲಸ ಮುಗಿದ ದಿನ ನೀವು ಕ್ಯಾಮೆರಾದವರನ್ನು ಕರೆತಂದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಬಕೆಟ್ಟು ಹೊರಬಂತು. ಆಮೇಲೆ ಮಗ್ಗು, ಅಮ್ಮನ ಮಣೆ, ಸೀಗೆಪುಡಿ ಡಬ್ಬ, ಬ್ರಷ್ಷುಗಳ ಲೋಟ, ಫಿನಾಯಿಲ್ ಸೀಸೆ, ತಲೆ ಸವೆದ ಪೊರಕೆ. ಎಲ್ಲವೂ ನಡುಮನೆಯ ಸೋಫಾ ಪಕ್ಕದಲ್ಲಿ ಸಾಲಾಗಿ ನಿಂತವು. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಬೀಗರು ಬಂದರು. ಫಿನಾಯಿಲ್ ಸೀಸೆಯ ಪಕ್ಕ ಕೂತು ಕಾಫಿ ಕುಡಿದರು. ಒಳಗೆ ನೀವು ಒಂದು ಬಿಳಿ ಟವೆಲನ್ನು ಸುರುಳಿ ಸುತ್ತಿಟ್ಟು, ಗಾಜಿನ ಲೋಟದಲ್ಲಿ ಮೂರು ಬಿದಿರು ಕಡ್ಡಿ ನಿಲ್ಲಿಸಿ, ಫೋಟೋ ತೆಗೆಸಿದಿರಿ. ಹೋಗುವಾಗ ಟವೆಲನ್ನೂ ಬಿದಿರನ್ನೂ ಎತ್ತಿಕೊಂಡು ಹೋದಿರಿ. ಬಕೆಟ್ಟನ್ನು ನಮಗೇ ಬಿಟ್ಟಿರಿ. ಆ ಔದಾರ್ಯಕ್ಕೆ ಮೊದಲು ಧನ್ಯವಾದ ಹೇಳಿಬಿಡುತ್ತೇನೆ.

ನಮ್ಮ ಬಚ್ಚಲು ಎಷ್ಟು ದೊಡ್ಡದು ಎಂಬುದು ನಿಮಗೆ ಮರೆತಿರಬಹುದು. ಅಗಲ ನಾಲ್ಕಡಿ, ಉದ್ದ ಆರಡಿ, ಒಟ್ಟು 24 ಚದರಡಿ. ಮೀಟರಿಗೆ ತಿರುಗಿಸಿದರೆ 2.2 ಚದರ ಮೀಟರ್ ಚಿಲ್ಲರೆ. ಸ್ನಾನ, ಶೌಚ ಎರಡೂ ಒಂದೇ ಕಡೆ ಇರುವುದಾದರೆ ಕನಿಷ್ಠ 2.8 ಚದರ ಮೀಟರ್ ಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಮೂವತ್ತು-ನಲವತ್ತರ ಸೈಟಿನಲ್ಲಿ 1994ರಲ್ಲಿ ಮನೆ ಕಟ್ಟಿಸಿದ ನಮ್ಮಪ್ಪನಿಗೆ ಆ ಸಂಹಿತೆಯ ಪರಿಚಯವಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಬ್ಯಾಂಕಿನ ಸಾಲದ ಕಂತು. ಹಾಗಾಗಿ ಒಬ್ಬರು ಸೋಪು ಹಚ್ಚಿಕೊಳ್ಳಲು ಮೊಣಕೈ ಎತ್ತಿದರೆ ಗೋಡೆಗೂ ಸ್ವಲ್ಪ ಸೋಪು ತಗಲುವಷ್ಟು ಜಾಗ.

ಅಂಥ ಜಾಗದಲ್ಲಿ ನಿಂತು, ಎರಡೂ ಕೈ ಚಾಚಲು ಹೋಗಿ ಒಂದನ್ನು ಮಡಚಿಕೊಂಡು, ನೀವು ಹೇಳಿದ ಮಾತು: “ಸರ್, ಇಲ್ಲಿ ನಿಮಗೆ ಆಗುಂಬೆ ಕೊಡ್ತೀನಿ.”

ಕೊಟ್ಟಿರಿ. ಒಂದಡಿ ಚೌಕದ ರೇನ್ ಶವರ್. ಬಂದ ದಿನ ಮನೆಮಂದಿಯೆಲ್ಲ ಕೆಳಗೆ ನಿಂತು ಮುಖ ಮೇಲೆತ್ತಿ ನೋಡಿದೆವು, ಬರಗಾಲದ ವರ್ಷ ರೈತರು ನೋಡುವ ಹಾಗೆ. ನಲ್ಲಿ ತಿರುಗಿಸಿದರೆ ನಡುವಿನ ಏಳೆಂಟು ತೂತುಗಳಿಂದ ನೀರು ನೂಲಿನಂತೆ ಇಳಿಯಿತು. ಉಳಿದ ತೂತುಗಳಲ್ಲಿ ಒಂದೊಂದು ಹನಿ ಹೊರಬಂದು, ಜಗತ್ತು ನೋಡಿ, ಬೀಳಲೋ ಬೇಡವೋ ಎಂದು ಯೋಚಿಸುತ್ತ ನಿಂತಿತು. ಆಗುಂಬೆ ಎಂದು ಹೇಳಿ ಚಳ್ಳಕೆರೆ ಕೊಟ್ಟಿದ್ದಿರಿ.

ತಪ್ಪು ಶವರಿನದಲ್ಲ. ಡಬ್ಬದಲ್ಲಿ ಬಂದ ಪುಸ್ತಿಕೆಯನ್ನು ನಾನು ಆಮೇಲೆ ಓದಿದೆ. ಅದಕ್ಕೆ ಒಂದು ಬಾರ್ ಒತ್ತಡ ಬೇಕಂತೆ. ಒಂದು ಬಾರ್ ಎಂದರೆ ಶವರಿಗಿಂತ ಹತ್ತು ಮೀಟರ್ ಮೇಲೆ ನೀರು ನಿಂತಿರಬೇಕು, ಅಂದರೆ ಮೂರು ಅಂತಸ್ತಿನ ಎತ್ತರ. ನಮ್ಮದು ಒಂದೇ ಅಂತಸ್ತಿನ ಮನೆ. ತಾರಸಿಯ ಮೇಲೆ ಮೂರಡಿ ಕಟ್ಟೆ, ಅದರ ಮೇಲೆ ಕಪ್ಪು ಟ್ಯಾಂಕು. ಟ್ಯಾಂಕು ತುಂಬಿ ತುಳುಕಿದರೂ ಶವರಿನಿಂದ ನೀರಿನ ಮಟ್ಟಕ್ಕೆ ಎಂಟು-ಒಂಬತ್ತು ಅಡಿ. ಕಾಲು ಬಾರ್ ಆದರೆ ಹೆಚ್ಚು. ಇದನ್ನು ಲೆಕ್ಕ ಹಾಕಲು ವಿನ್ಯಾಸ ಶಾಸ್ತ್ರ ಬೇಡ, ತಾರಸಿ ಹತ್ತಿದರೆ ಸಾಕಿತ್ತು. ನಿಮಗೆ ಮೆಟ್ಟಿಲು ಆಗದು ಎಂದು ಆಮೇಲೆ ತಿಳಿಯಿತು.

ಪರಿಹಾರ ನಿಮ್ಮಲ್ಲಿ ಸಿದ್ಧವಾಗಿಯೇ ಇತ್ತು: ಪ್ರೆಶರ್ ಪಂಪು, ಬಿಲ್ಲು ಬೇರೆ. ಪಂಪು ಬಂದ ಮೇಲೆ ಮಳೆ ನಿಜಕ್ಕೂ ಬಿತ್ತು, ಸುಳ್ಳು ಹೇಳಬಾರದು. ಮೊದಲ ದಿನ ಕಣ್ಣು ಮುಚ್ಚಿ ನಿಂತಾಗ ಶೃಂಗೇರಿ ದಾರಿಯ ಜುಲೈ ತಿಂಗಳೇ ನೆನಪಾಯಿತು. ಎರಡೂಕಾಲು ನಿಮಿಷ. ಆಮೇಲೆ ಮೈಮೇಲೆ ಹಿಮಾಲಯ ಬಿತ್ತು.

ಇದಕ್ಕೂ ಲೆಕ್ಕ ಹಾಕಿದ್ದೇನೆ. ನಿವೃತ್ತನಾದವನಿಗೆ ಹೊತ್ತು ಹೋಗಬೇಕಲ್ಲ. ನಮ್ಮ ಗೀಸರ್ 15 ಲೀಟರಿನದು. 60 ಡಿಗ್ರಿಯ ಆ ನೀರಿಗೆ ತಣ್ಣೀರು ಬೆರೆಸಿ ಮೈಗೆ ಹಿತವಾದ 40ಕ್ಕೆ ತಂದರೆ ಸುಮಾರು 35 ಲೀಟರ್. ನಿಮ್ಮ ಆಗುಂಬೆ ನಿಮಿಷಕ್ಕೆ 15 ಲೀಟರ್ ಸುರಿಯುತ್ತದೆ. ಖಾಲಿಯಾದ ಗೀಸರ್ ಮತ್ತೆ ಕಾಯಲು 2 ಕಿಲೋವ್ಯಾಟಿನ ಕಾಯಿಲಿಗೆ ಹದಿನೆಂಟು ನಿಮಿಷ ಬೇಕು. ಆ ಹದಿನೆಂಟು ನಿಮಿಷ, ತಲೆಗೆ ಶಾಂಪೂ ಹಚ್ಚಿಕೊಂಡು, ಮನುಷ್ಯ ಏನೆಲ್ಲ ಯೋಚಿಸುತ್ತಾನೆ ಗೊತ್ತೇ? ನಾನು ನಿಮ್ಮನ್ನೇ ನೆನೆಸಿಕೊಳ್ಳುತ್ತಿದ್ದೆ. ಅದೇ 35 ಲೀಟರನ್ನು ಬಕೆಟ್ಟಿಗೆ ಹಿಡಿದರೆ ಗಂಡ ಹೆಂಡತಿ ಇಬ್ಬರ ಸ್ನಾನ ಮುಗಿದು, ಬನಿಯನ್ನು ಹಿಂಡುವಷ್ಟು ಉಳಿಯುತ್ತದೆ.

ಅಷ್ಟಕ್ಕೂ ಆ ನೀರು ಎಲ್ಲಿಂದ ಬರುತ್ತದೆ? ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಹೊಡೆಸಿಕೊಂಡು, ಏದುಸಿರು ಬಿಡುತ್ತ ಬೆಂಗಳೂರು ಹತ್ತುತ್ತದೆ ಕಾವೇರಿ. 2024ರ ಮಾರ್ಚಿನಲ್ಲಿ, ಬೀದಿಯಲ್ಲಿ ಟ್ಯಾಂಕರ್ ಕಂಡರೆ ಜನ ತೇರು ಕಂಡಂತೆ ಹೊರಬರುತ್ತಿದ್ದ ಆ ದಿನಗಳಲ್ಲಿ, ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲುಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ನೀರಿಗೆ ಗಾಳಿ ಬೆರೆಸಿ, ಕಡಿಮೆಯನ್ನು ಹೆಚ್ಚೆಂದು ಕೈಗೆ ನಂಬಿಸುವ ಪುಟ್ಟ ಬಲೆ ಅದು. ನಿಮ್ಮ ವೃತ್ತಿಗೆ ಹತ್ತಿರದ ಸಾಧನ. ಆದರೂ ನಮ್ಮ ಮನೆಗೆ ಹಾಕಲಿಲ್ಲ.

ಇರಲಿ, ಗಾಜಿಗೆ ಬರೋಣ. ಒದ್ದೆ ಜಾಗ, ಒಣ ಜಾಗ ಬೇರೆ ಮಾಡಲು ಎಂಟು ಮಿಲಿಮೀಟರಿನ ಗಾಜು ನಿಲ್ಲಿಸಿದಿರಿ. ವಿಚಾರ ಒಳ್ಳೆಯದೇ. ಆದರೆ ಗಾಜಿನ ಬಾಗಿಲು ಪೂರ್ತಿ ತೆರೆಯುವ ಮೊದಲೇ ಕಮೋಡಿಗೆ ಢಿಕ್ಕಿ ಹೊಡೆಯುತ್ತದೆ. ಉಳಿದ ಸಂದಿಯಲ್ಲಿ ನಾನು ಅಡ್ಡಡ್ಡ ನುಸುಳುತ್ತೇನೆ. ನಮ್ಮ ಸೋದರಮಾವ ನುಸುಳಲು ನೋಡಿ, ಅರ್ಧಕ್ಕೆ ನಿಂತು, ಹೊರಗಿನಿಂದಲೇ ಕೈಕಾಲು ತೊಳೆದು ಬಂದರು. ಟ್ಯಾಂಕಿಗೆ ಕಾವೇರಿಯ ಜೊತೆ ಬೋರ್‌ವೆಲ್ ನೀರೂ ಸೇರುವ ಮನೆ ನಮ್ಮದು. ಗಾಜಿನ ಮೇಲೆ ಬಿದ್ದ ಪ್ರತಿ ಹನಿಯೂ ಒಣಗಿ ಸುಣ್ಣದ ಚುಕ್ಕೆಯಾಗುತ್ತದೆ. “ದಿನಾ ವೈಪರ್ ಎಳೆದರೆ ಆಯ್ತು ಸರ್” ಎಂದಿರಿ. ಈಗ ನಾನು ಐದು ನಿಮಿಷ ಸ್ನಾನ ಮಾಡಿ, ಹತ್ತು ನಿಮಿಷ ಗಾಜಿಗೆ ಸ್ನಾನ ಮಾಡಿಸಿ, ಬೆವತು ಹೊರಬರುತ್ತೇನೆ.

ಗೋಡೆಗೆ ನೇತುಹಾಕಿದ ಕಮೋಡಿನ ವಿಷಯದಲ್ಲಿ ಮಾತ್ರ ನಾನು ಅರ್ಧ ನಿಮ್ಮ ಕಡೆ. ನಮ್ಮದು ನಾಲ್ಕೂವರೆ ಅಂಗುಲದ ಗೋಡೆ, ಫ್ಲಶ್ ಟ್ಯಾಂಕು ಅದರೊಳಗೆ ಅಡಗುವುದಿಲ್ಲ. ಹಾಗಾಗಿ ಮುಂದೆ ಇನ್ನೊಂದು ಗೋಡೆ ಕಟ್ಟಿದಿರಿ. ಜಾಗ ಉಳಿಸಲೆಂದು ಎಂಟಂಗುಲ ಜಾಗ ಕೊಟ್ಟೆವು. “ನೇತಾಡೋದರ ಮೇಲೆ ನಾನು ಕೂರಲ್ಲ” ಎಂದು ಅಮ್ಮ ಹಟ ಹಿಡಿದರು. 400 ಕಿಲೋ ಹೊರುತ್ತದೆ ಅಂತ ಪರೀಕ್ಷೆ ಮಾಡಿಯೇ ಮಾರುವುದು ಎಂದರೂ ನಂಬಲಿಲ್ಲ. ಕೊನೆಗೆ ಅದೇ ಸೋದರಮಾವನನ್ನು ಕೂರಿಸಿ ತೋರಿಸಿದ ಮೇಲೆಯೇ ಸಮಾಧಾನ. ಆದರೆ ಅದರ ಅಡಿಯ ನೆಲಕ್ಕೆ ಪೊರಕೆ ಸಲೀಸಾಗಿ ಹೋಗುತ್ತದೆ ನೋಡಿ, ಆ ಸುಖಕ್ಕೆ ಎಂಟಂಗುಲ ಮಾಫಿ.

ನೆಲ. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ.

ಬಿಲ್ಲಿನಲ್ಲಿ ‘ಇಟಾಲಿಯನ್ ಸ್ಟಟುವಾರಿಯೊ’ ಎಂದಿತ್ತು, ಡಬ್ಬದ ಮೇಲೆ ಗುಜರಾತಿನ ಮೋರ್ಬಿ ಎಂದಿತ್ತು. ಇಟಲಿಯ ಕರಾರಾ ಗುಡ್ಡದಲ್ಲಿ ಸಿಗುವ ಕಲ್ಲಿನ ಗೆರೆಗಳನ್ನು ಮೋರ್ಬಿಯಲ್ಲಿ ಅಚ್ಚು ಹಾಕಿ, ಅಪ್ಪ ಕಟ್ಟಿಸಿದ ನೆಲಕ್ಕೆ ತಂದಿರಿ. ತಕರಾರಿಲ್ಲ, ಮೋರ್ಬಿಯವರ ಟೈಲ್ಸು ಗಟ್ಟಿ. ತಕರಾರಿರುವುದು ಅಳತೆಗೆ. ಎರಡಡಿ-ನಾಲ್ಕಡಿಯ ನುಣುಪು ಟೈಲು! “ಜಾಯಿಂಟ್ ಕಮ್ಮಿ ಇದ್ರೆ ಬಾತ್‌ರೂಮ್ ದೊಡ್ಡದು ಅನ್ಸುತ್ತೆ” ಎಂದಿರಿ. ಅನಿಸಿತು. ಜಾರಿ ಬೀಳುವಾಗ ಇನ್ನೂ ದೊಡ್ಡದು ಅನಿಸಿತು.

ಬಾಗಿಲ ಹತ್ತಿರ ನೀರು ನಿಲ್ಲುತ್ತದೆ ಎಂದು ನಿಮಗೆ ಆರು ಸಲ ಫೋನು ಮಾಡಿ, ಏಳನೆಯ ಸಲ ನಮ್ಮ ಹಳೆಯ ಗಾರೆ ಮೇಸ್ತ್ರಿಗೆ ಮಾಡಿದೆ. ಅವರು ಬಂದು ಚಪ್ಪಲಿ ಬಿಟ್ಟು ಒಳಹೋದರು. ಗೋಡೆ, ಗಾಜು, ಶವರ್ ಒಂದನ್ನೂ ನೋಡಲಿಲ್ಲ. ಒಂದು ಮಗ್ಗು ನೀರು ಕೇಳಿ, ಗಾಜಿನ ಒಳಗೆ ನಿಧಾನ ಸುರಿದು, ಕುಕ್ಕರಗಾಲಲ್ಲಿ ಕೂತರು. ನೀರು ನಹಾನಿ ಟ್ರ್ಯಾಪಿನ ಕಡೆ ಎರಡಂಗುಲ ಹೋಯಿತು. ನಿಂತಿತು. ಮನಸ್ಸು ಬದಲಾಯಿಸಿ, ಗಾಜಿನ ಅಡಿ ನುಸುಳಿ, ಹೊಸ್ತಿಲು ದಾಟಿ, ನಡುಮನೆ ನೋಡಲು ಹೊರಟಿತು.

“ಟೈಲ್ಸು ಚೆನ್ನಾಗೈತೆ ಸಾರ್. ವಾಟ ಯಾರು ನೋಡಿದ್ರು?”

ಯಾರೂ ನೋಡಿರಲಿಲ್ಲ. ವಾಟ ಫೋಟೋದಲ್ಲಿ ಬರುವುದಿಲ್ಲವಲ್ಲ. ಆರಡಿ ಉದ್ದಕ್ಕೆ ಹತ್ತಿರ ಹತ್ತಿರ ಒಂದಂಗುಲ ಇಳಿಜಾರು, ಅಷ್ಟೇ ಬೇಕಾದದ್ದು. ಆದರೆ ನಾಲ್ಕೂ ಕಡೆಯಿಂದ ಒಂದು ಮೂಲೆಯ ತೂತಿಗೆ ನೀರು ಇಳಿಯಬೇಕಾದರೆ ನೆಲ ಅಲ್ಲಲ್ಲಿ ಸ್ವಲ್ಪ ಬಾಗಬೇಕು. ನಾಲ್ಕಡಿಯ ಟೈಲು ಎಲ್ಲಿ ಬಾಗುತ್ತದೆ? ಮೇಸ್ತ್ರಿ ಅದನ್ನು ಒಡೆಸಿ, ಒಂದಡಿಯ ತರಿತರಿ ಟೈಲು ಹಾಕಿ, ರಸಮಟ್ಟ ಇಟ್ಟು ಇಟ್ಟು ನೋಡಿದರು. ಅದಕ್ಕೂ ಮೊದಲು ಟ್ರ್ಯಾಪಿಗೆ ಬಟ್ಟೆ ತುರುಕಿ, ಒಂದಿಡೀ ದಿನ ನೀರು ಕಟ್ಟಿ ನಿಲ್ಲಿಸಿ, ಆಚೆ ಗೋಡೆಗೆ ತೇವ ಬಂತೇ ಎಂದು ಅಂಗೈ ಒತ್ತಿ ಒತ್ತಿ ನೋಡಿದರು. ನಾಲ್ಕು ದಿನದ ಕೆಲಸ. ಈಗ ಸ್ನಾನ ಮುಗಿಸಿ ಐದು ನಿಮಿಷಕ್ಕೆ ಹೋದರೆ ನೆಲ ಒಣಗಿರುತ್ತದೆ. ಬರಿಗಾಲಲ್ಲಿ ಒಣ ನೆಲ ಮೆಟ್ಟುವುದು ಎಂಥ ಐಷಾರಾಮ ಎಂದು ಅರವತ್ತೆರಡು ವರ್ಷಕ್ಕೆ ನನಗೆ ತಿಳಿಯಿತು.

ಅವರು ಇನ್ನೂ ಎರಡು ಕೆಲಸ ಮಾಡಿಕೊಟ್ಟರು. ಕಮೋಡಿನ ಪಕ್ಕ ಒಂದು ಸ್ಟೀಲ್ ಹಿಡಿ. ಇದನ್ನು ನಾನು ಮೊದಲೇ ಕೇಳಿದ್ದೆ, “ಆಸ್ಪತ್ರೆ ಲುಕ್ ಬಂದ್ಬಿಡುತ್ತೆ ಸರ್” ಎಂದು ನೀವು ಮುಖ ಹಿಂಡಿದ್ದಿರಿ. ಎಪ್ಪತ್ತೆಂಟರ ನಮ್ಮಮ್ಮ ಏಳುವಾಗ ಆಸರೆಗೆ ನಿಮ್ಮ ಡಿಸೈನರ್ ಟವೆಲ್ ರಾಡನ್ನು ಹಿಡಿದರು. ರಾಡು ಅಮ್ಮನ ಜೊತೆಯೇ ಎದ್ದು ಬಂತು. ಪುಣ್ಯಕ್ಕೆ ಏನೂ ಆಗಲಿಲ್ಲ. ಇನ್ನೊಂದು, ಶವರಿನ ಅಡಿಯ ಮೂಲೆಗೆ ಕಡಪ ಕಲ್ಲಿನ ಒಂದು ಪುಟ್ಟ ಕಟ್ಟೆ. ಅಮ್ಮ ಅದರ ಮೇಲೆ ಕೂತು, ಎದುರಿಗೆ ಬಕೆಟ್ಟಿಟ್ಟುಕೊಂಡು, ಹದ ನೋಡಿಕೊಂಡು, ಹಾಡು ಗುನುಗುತ್ತ ಸ್ನಾನ ಮಾಡುತ್ತಾರೆ. ಮೇಲೆ ನಿಮ್ಮ ಆಗುಂಬೆ ಕೆಲಸವಿಲ್ಲದೆ ನೋಡುತ್ತಿರುತ್ತದೆ.

ಹದ ಎಂದೆ. ತೀರ್ಥಹಳ್ಳಿ ಕಡೆಯ ನಮ್ಮಜ್ಜಿ ಮನೆಯ ಬಚ್ಚಲನ್ನು ನೀವು ನೋಡಬೇಕಿತ್ತು. ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಅಡಿಗೆ ಅಡಿಕೆ ಸಿಪ್ಪೆಯ ಬೆಂಕಿ, ಪಕ್ಕದಲ್ಲಿ ತಣ್ಣೀರ ತೊಟ್ಟಿ. ಬೆಳಗಿನಿಂದ ರಾತ್ರಿಯವರೆಗೆ ಯಾವಾಗ ಹೋದರೂ ನೀರು ಬಿಸಿ. ಹದಿನೆಂಟು ನಿಮಿಷ ಕಾಯುವ ಮಾತಿಲ್ಲ. ನೀರು ತುಂಬುವ ಹಬ್ಬದ ದಿನ ಹಂಡೆಗೆ ಹುಣಸೆಹಣ್ಣು ಹಚ್ಚಿ ಬೆಳಗಿ, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತುತ್ತಿದ್ದರು. ಮರುಬೆಳಿಗ್ಗೆ ಎಣ್ಣೆ ಮೆತ್ತಿದ ತಲೆಗೆ ಬಿಸಿನೀರು ಬಿದ್ದಾಗ ಹೊಗೆ ಕಣ್ಣಿಗೆ, ಸೀಗೆಪುಡಿ ಬಾಯಿಗೆ. ಸುಖವೆಲ್ಲ ಅಲ್ಲೇ ಇತ್ತು ಎಂದು ಹಲುಬುವವನಲ್ಲ ನಾನು. ಕತ್ತಲಲ್ಲಿ ಬಚ್ಚಲಿಗೆ ಹೋಗಲು ನಮಗೆ ಪ್ರಾಣಭಯವಿತ್ತು, ಕಪ್ಪೆ ಗ್ಯಾರಂಟಿ. ಆದರೆ ಗೋಡೆಯಲ್ಲಿ ಒಂದು ಗೂಡಿತ್ತು, ಅದರಲ್ಲಿ ಸೋಪು, ಸೀಗೆಪುಡಿ, ಒಂದು ಬುಡ್ಡಿದೀಪ. ನಮ್ಮ ಬಚ್ಚಲಿನಲ್ಲೂ ನೀವು ಅದನ್ನೇ ಮಾಡಿದ್ದೀರಿ. ಬಿಲ್ಲಿನಲ್ಲಿ ‘ವಾಲ್ ನಿಶ್, ಎಲ್‌ಇಡಿ ಸಹಿತ, ಎಂಟೂವರೆ ಸಾವಿರ’ ಎಂದಿದೆ. ಅಮ್ಮ ನೋಡಿದವರೇ, “ಓ, ಗೂಡು!” ಎಂದರು. ಇಡೀ ಬಚ್ಚಲಿನಲ್ಲಿ ಅವರಿಗೆ ಕಂಡಕೂಡಲೇ ಇಷ್ಟವಾದದ್ದು ಅದೊಂದೇ. ಎಂಟೂವರೆ ಸಾವಿರ ಎಂದು ನಾನಿನ್ನೂ ಹೇಳಿಲ್ಲ.

ಕೊನೆಯದಾಗಿ ಒಂದು ಸಣ್ಣ ಸಂದೇಹ. ಪಂಪು, ಗಾಜು, ಮಳೆ, ಇಟಲಿ ಎಲ್ಲ ಬಂದವು. ಲುಂಗಿ ಎಲ್ಲಿ ನೇತುಹಾಕಬೇಕು? ಬಾಗಿಲ ಹಿಂದೆ ಒಂದೇ ಒಂದು ಕೊಕ್ಕೆ ಇರಲಿಲ್ಲ. “ಕ್ಲೀನ್ ಲೈನ್ಸ್ ಸರ್” ಎಂದಿರಿ. ಮೂರು ತಿಂಗಳು ಲುಂಗಿ, ಟವೆಲು, ಬನಿಯನ್ನು ಹೆಗಲ ಮೇಲೆ ಹೊತ್ತು, ಗಾಜಿನ ಬಾಗಿಲ ನೆತ್ತಿಗೆ ಎಸೆದು, ಅವು ಆಚೆ ಬಿದ್ದು, ಒದ್ದೆಯಾಗಿ… ಮೊನ್ನೆ ಮೂಲೆಯಂಗಡಿಯಿಂದ ನಲವತ್ತು ರೂಪಾಯಿಯ ಐದು ಕೊಕ್ಕೆಯ ಪಟ್ಟಿ ತಂದು ಹೊಡೆದೆ. ನೀವು ಮತ್ತೆ ಫೋಟೋಗೆ ಬರುವುದಾದರೆ ದಯವಿಟ್ಟು ಬಾಗಿಲನ್ನು ಪೂರ್ತಿ ತೆರೆದಿಡಿ, ಅದು ಕಾಣುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಅಡ್ಡಡ್ಡ ನುಸುಳುವ ಗೃಹಸ್ಥ

ತಾ.ಕ.: ಕನ್ನಡಿಯ ವಿಷಯ ಮರೆತಿದ್ದೆ. ನೀವು ಹಾಕಿಸಿದ, ದೀಪವೂ ಬ್ಲೂಟೂತ್ ಸ್ಪೀಕರೂ ಇರುವ ಆ ಕನ್ನಡಿ ನಮ್ಮ ಯಾರ ಫೋನಿಗೂ ಜೊತೆಯಾಗದೆ, ಪಕ್ಕದ ಮನೆಯ ಸಾಫ್ಟ್‌ವೇರ್ ಹುಡುಗನ ಫೋನಿಗೆ ಜೊತೆಯಾಗಿದೆ. ನಿನ್ನೆ ನಾನು ಗಡ್ಡ ಹೆರೆಯುತ್ತಿದ್ದಾಗ ಕನ್ನಡಿಯೊಳಗಿಂದ ಯಾರೋ ಗಡಸು ದನಿಯಲ್ಲಿ, “ಇನ್ನೂ ಎಷ್ಟು ಹೊತ್ತು ಬೇಕು ನಿಮಗೆ? ನಾಲ್ಕು ತಿಂಗಳಾಯ್ತು!” ಎಂದು ಗದರಿದರು. ಎಡಗೆನ್ನೆ ಕುಯ್ದುಕೊಂಡೆ.